ತಂಡೇಲಜ್ಜನ ಕಾಗದದ ಡಬ್ಬಿ

ಅಪ್ಪನ ಮೇಲೆ ಮುನಿಸಿಕೊಂಡು ಅಮ್ಮ ಬೊರಿವಲಿಯಿಂದ ದಹಿಸರಿನ ನಮ್ಮ ಮನೆಗೆ ಬಂದಾಗ ಅವಳ ಕೈಯಲ್ಲಿದ್ದದ್ದು ಎರಡು ಸೀರೆ, ಒಂದು ಸ್ಟೀಲ್ ಡಬ್ಬಿ. ಮುಂಬಯಿ ಲೋಕಲ್ ರೈಲಿನಲ್ಲಿ ಒಂದೇ ಸ್ಟೇಷನ್ ದಾರಿ. ಗತ್ತು ಮಾತ್ರ ಊರು ಬಿಟ್ಟು ಬಂದವಳದ್ದು.

ಡಬ್ಬಿಯಲ್ಲಿ ಅಪ್ಪನ ಮುತ್ತಜ್ಜನ ಕಾಗದಗಳಿದ್ದವು. ಆತ ನೂರೈವತ್ತು ವರ್ಷದ ಹಿಂದೆ ಮಂಗಳೂರಿನಿಂದ ಮಸ್ಕತ್ತಿಗೆ ಹೋಗುತ್ತಿದ್ದ ಹಾಯಿಹಡಗಿನ ತಂಡೇಲ, ಅಂದರೆ ಕಪ್ತಾನ. ರಿಟೈರ್ ಆದ ಮೇಲೆ ಅಪ್ಪ ಬೆಳಗಿನಿಂದ ಸಂಜೆವರೆಗೆ ಭೂತಗನ್ನಡಿ ಹಿಡಿದು ಅವನ್ನೇ ನಕಲು ಮಾಡುತ್ತಿದ್ದರು.

"ಮೆಟ್ಟಿಲಲ್ಲಿ ಜಾರಿ ನನ್ನ ಮೊಣಕಾಲು ಊದಿ ಎಂಟು ದಿನ ಆಯ್ತು ಮಾರಾಯ್ತಿ. ಹೇಗುಂಟು ಅಂತ ಒಂದು ಮಾತು ಕೇಳಿದ್ರಾ? ಸತ್ತ ಮುತ್ತಜ್ಜನ ಯೋಗಕ್ಷೇಮ ಬೇಕು ಅವರಿಗೆ! ಅವರೇ ನನ್ನ ಹತ್ರ ಕೇಳುವವರೆಗೆ ನಾನೂ ಹೋಗುದಿಲ್ಲ, ಡಬ್ಬಿಯೂ ಹೋಗುದಿಲ್ಲ."

ನನಗೆ ನಗು ಬಂತು. ಆದರೆ ಅವಳ ಕಣ್ಣಲ್ಲಿ ನೀರಿತ್ತು, ಅದನ್ನು ಕಂಡು ಅಪ್ಪನ ಮೇಲೆ ಕೆಟ್ಟ ಸಿಟ್ಟೂ ಬಂತು. ಎರಡು ದಿನ ಅವರ ಫೋನೇ ಇಲ್ಲ.

ಮೂರನೆಯ ದಿನ ಮಧ್ಯಾಹ್ನ ಹೊತ್ತು ಹೋಗದೆ ಡಬ್ಬಿ ತೆರೆದೆವು. ಎಲ್ಲವೂ 'ಚಿರಂಜೀವಿ ಮಗನಿಗೆ' ಎಂದೇ ಶುರು. ಹೆಂಡತಿಗೆ ಒಂದಾದರೂ ಬೇಡವೇ?

"ನೋಡು, ಇವರ ಮನೆತನದ ಗಂಡಸರೇ ಹೀಗೆ," ಎಂದು ಅಮ್ಮ ಗೆದ್ದವಳಂತೆ ಕೂತಳು.

ಕಾಗದಗಳ ಜೊತೆಗೇ ಇದ್ದ, ಅಪ್ಪನ ದುಂಡಗಿನ ಅಕ್ಷರದ ನಕಲನ್ನು ನಾನು ಓದುತ್ತ ಹೋದೆ. 'ಒದ್ದೆ ಕೂದಲಲ್ಲಿ ಮಲಗಬೇಡ. ಬಾವಿಯಿಂದ ನೀನೇ ನೀರು ಸೇದಬೇಡ, ಸೊಂಟ ಹಿಡಿದೀತು. ಹಸಿರು ಬಳೆ ಕಳಿಸಿದ್ದೇನೆ, ಬಿಗಿಯಾದರೆ ತಿಳಿಸು.'

"ಗಂಡುಮಗನಿಗೆ ಬಳೆಯಾ? ಎಷ್ಟು ವರ್ಷ ಅವನಿಗೆ?" ಎಂದಳು ಅಮ್ಮ.

ಅದಕ್ಕಿಂತ ಎರಡೇ ತಿಂಗಳು ಹಿಂದಿನ ಕಾಗದ ತೆಗೆದೆ. 'ನಿನ್ನನ್ನು ತೊಟ್ಟಿಲಿಗೆ ಹಾಕಿದ ಸುದ್ದಿ ಮುಟ್ಟಿತು' ಎಂದಿತ್ತು. ತೊಟ್ಟಿಲ ಕೂಸು ಬಾವಿ ನೀರು ಸೇದುವುದೇ! ಆ ಕಾಲದಲ್ಲಿ ಕಾಗದ ಬಂದರೆ ಜಗಲಿಯಲ್ಲಿ ಹಿರಿಯರ ಮುಂದೆ ಗಟ್ಟಿಯಾಗಿ ಓದಿಸುತ್ತಿದ್ದರು. ಹೆಂಡತಿಗೆ ಬರೆದರೆ ಊರೆಲ್ಲ ನಗುತ್ತಿತ್ತು. ಪಾಪ, ತಂಡೇಲಜ್ಜ ಕೂಸಿನ ಹೆಸರಲ್ಲಿ ಬಾಗಿಲ ಹಿಂದೆ ನಿಂತವಳಿಗೆ ಬರೆಯುತ್ತಿದ್ದ. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗಂತೂ ಆ ಅಜ್ಜನನ್ನು ಅಪ್ಪಿಕೊಳ್ಳಬೇಕೆನಿಸಿತು.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಅಪ್ಪ! ಸ್ಪೀಕರ್ ಹಾಕಿದೆ.

"ಊಟ ಆಯ್ತಾ ಮಗಾ?"

"ಆಯ್ತಪ್ಪ."

"ಮತ್ತೆ... ನಿನ್ನ ಮೊಣಕಾಲು ಹೇಗುಂಟು?"

ನನ್ನ ಮೊಣಕಾಲಿಗೇನು ಧಾಡಿ? ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಫೋನ್ ಕಿತ್ತುಕೊಂಡಳು.

"ಅವಳದ್ದು ಗುಂಡುಕಲ್ಲಿನ ಹಾಗುಂಟು. ನನ್ನದು ಕೇಳಿ."

ಆ ಕಡೆ ಅಪ್ಪ ಎರಡು ಸಲ ಕೆಮ್ಮಿದರು.

"ನಿನ್ನದು... ಹೇಗುಂಟು?"

"ನೋವುಂಟು," ಎಂದಳು ಅಮ್ಮ. "ರಿಕ್ಷಾ ತಕ್ಕೊಂಡು ಬನ್ನಿ."