ಮೂರು ನಿಮಿಷದಲ್ಲಿ ಪೋರ್ಚುಗಲ್

ಕಳೆದ ವರ್ಷ ಮಾರ್ಚ್ ತಿಂಗಳ ಮಾತು. ಐದನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಇಂಚರ ಸ್ಕೂಲಿಂದ ಬಂದವಳೇ ಬ್ಯಾಗು ಬಿಸಾಕಿ ಸೋಫಾದ ಮೇಲೆ ಬೋರಲಾಗಿ ಬಿದ್ದುಕೊಂಡಳು. "ಏನಾಯ್ತೇ?" ಅಂದೆ. ದಿಂಬಿನೊಳಗಿಂದಲೇ, "ಐ ಗಾಟ್ ಪೋರ್ಚುಗಲ್" ಅಂದಳು, ಯಾವುದೋ ಕಾಯಿಲೆ ತಗುಲಿಕೊಂಡಿದೆ ಅನ್ನೋ ಹಾಗೆ.

ವಿಷಯ ಇಷ್ಟೇ. ಕ್ಲಾಸಿನಲ್ಲಿ ಚೀಟಿ ಎತ್ತಿಸಿ ಒಬ್ಬೊಬ್ಬರಿಗೆ ಒಂದೊಂದು ದೇಶ ಕೊಟ್ಟಿದ್ದರು. ಆ ದೇಶದ ಇತಿಹಾಸ ಏನು, ಅಲ್ಲಿಯ ಜನ ಎಂಥವರು ಅನ್ನೋದನ್ನೆಲ್ಲ ಒಂದು ದೊಡ್ಡ ರಟ್ಟಿನ ಬೋರ್ಡಿನ ಮೇಲೆ ಅಂಟಿಸಿ, ಅಪ್ಪ ಅಮ್ಮಂದಿರ ಮುಂದೆ ನಿಂತು ಮೂರು ನಿಮಿಷ ಮಾತಾಡಬೇಕು. ಜೊತೆಗೆ ಆ ದೇಶದವರು ಯಾರನ್ನಾದರೂ ಮಾತಾಡಿಸಿಕೊಂಡು ಬರಬೇಕು. ಇಂಚರಳ ಗೆಳತಿಗೆ ಜಪಾನ್ ಬಂದಿತ್ತು, ಇನ್ನೊಬ್ಬಳಿಗೆ ಇಟಲಿ. ಇವಳಿಗೆ ಪಿಜ್ಜಾ ಇಲ್ಲದ ದೇಶ ಬಂತು ಅಂತ ಅಳು.

ಈ ಪ್ರಾಜೆಕ್ಟುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೆಸರಿಗೆ ಮಕ್ಕಳದು, ಮಾಡೋದು ತಾಯಂದಿರು. ಆಫೀಸಿನಿಂದ ಫ್ರೀವೇಯಲ್ಲಿ ತೆವಳಿಕೊಂಡು ಫ್ರೀಮಾಂಟಿನ ನಮ್ಮ ಮನೆಗೆ ಬರೋದರೊಳಗೆ ಸಾಕಾಗಿರುತ್ತದೆ. ಬಂದು ಕತ್ತರಿ, ಅಂಟು ಹಿಡಿದು ಕೂರಬೇಕು. ನನ್ನ ಗಂಡ ಸತೀಶ, "ಇಂಟರ್‌ನೆಟ್ಟಲ್ಲಿ ಎಲ್ಲ ಇರುತ್ತಲ್ಲ" ಅಂತ ಹೇಳಿ ತನ್ನ ಮೀಟಿಂಗಿಗೆ ಹೋಗಿಬಿಟ್ಟ. ಅವತ್ತೇ ಇಂಚರ ಮತ್ತು ನಾನು ಮೂರು ಹಾಯಿಹಡಗು, ಒಂದು ಫುಟ್‌ಬಾಲು, ಮೊಟ್ಟೆ ಹಾಕಿ ಮಾಡುವ ಒಂದು ಸಿಹಿತಿಂಡಿಯ ಫೋಟೋ, ಬಾವುಟ ಎಲ್ಲ ಪ್ರಿಂಟು ಮಾಡಿ ಅಂಟಿಸಿ ಮುಗಿಸಿದೆವು. ಉಳಿದಿದ್ದು ಆ ದೇಶದವರನ್ನು ಮಾತಾಡಿಸೋದು.

ಆ ದೇಶದವರು ಪಕ್ಕದ ಮನೆಯಲ್ಲೇ ಇದ್ದರು. ಅದೇ ನನ್ನ ಕಷ್ಟ.

ಪಕ್ಕದ ಮನೆಯ ಫಿಲೊಮಿನಾಗೆ ಎಂಬತ್ತು ವರ್ಷ. ಗಂಡ ತೀರಿಹೋಗಿದ್ದಾರೆ. ಚಿಕ್ಕ ವಯಸ್ಸಲ್ಲಿ ಇಲ್ಲಿಗೆ ಬಂದು, ಏಪ್ರಿಕಾಟ್ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದು ಮನೆ ಮಾಡಿಕೊಂಡವರು. ಫ್ರೀಮಾಂಟೆಲ್ಲ ಹೂಕೋಸಿನ ಹೊಲವಾಗಿದ್ದಾಗಿನಿಂದ ಇಲ್ಲಿದ್ದೇನೆ ಅಂತ ಸಿಕ್ಕವರಿಗೆಲ್ಲ ಹೇಳೋರು. ನಮ್ಮ ಮನೆಯಲ್ಲಿ ಗಣೇಶನ ಹಬ್ಬಕ್ಕೆ ನಾಲ್ಕು ಕಾರು ಬಂದರೆ ಸಾಕು, ಬಾಗಿಲು ಬಡಿದು, "ನನ್ನ ಮನೆ ಮುಂದೆ ನಿಮ್ಮವರ ಕಾರು ಯಾಕಿದೆ?" ಅಂತ ಜಗಳಕ್ಕೇ ನಿಲ್ಲೋರು. ನಾವು ಭಾರತದವರು ಅಂತಲೇ ಇವರಿಗೆ ನಮ್ಮನ್ನು ಕಂಡರಾಗದು ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಬೇರೆ ದಾರಿಯಿಲ್ಲದೆ ಬೋರ್ಡು ಹಿಡಿದುಕೊಂಡು ಇಂಚರಳನ್ನು ಕರೆದುಕೊಂಡು ಹೋದೆ. ಫಿಲೊಮಿನಾ ಕನ್ನಡಕ ಏರಿಸಿ ಬೋರ್ಡು ನೋಡಿದರು. "ಇದು ಪ್ರವಾಸಕ್ಕೆ ಕರೆದುಕೊಂಡು ಹೋಗುವ ಏಜೆಂಟರ ಜಾಹೀರಾತು. ಎಲ್ಲ ಕಿತ್ತುಹಾಕಿ" ಅಂದರು.

"ನೀವು ಪೋರ್ಚುಗಲ್‌ನವರು ತಾನೇ?" ಅಂತ ಇಂಚರ ಕೇಳಿದಳು.

"ಅಲ್ಲ. ನಾನು ದ್ವೀಪದವಳು. ಅಸೋರ್ಸ್."

ಇಂಚರ ನನ್ನ ಮುಖ ನೋಡಿದಳು. ಹಾಗಾದರೆ ಬೇರೆಯವರನ್ನೇ ಹುಡುಕಬೇಕಾ ಅಂದುಕೊಂಡು ನಾನು, "ಸರಿ, ನೀವು ಪೋರ್ಚುಗೀಸರಲ್ಲ ಅಂದ ಮೇಲೆ..." ಅಂದೆನೋ ಇಲ್ಲವೋ, ಅವರು ಕೆಂಡವಾದರು. "ಯಾರು ಹೇಳಿದ್ದು ಅಲ್ಲ ಅಂತ? ನಮ್ಮ ದ್ವೀಪವೂ ಪೋರ್ಚುಗಲ್ಲಿನದೇ. ನಮಗಿಂತ ಪೋರ್ಚುಗೀಸರು ಯಾರಿದಾರೆ?"

ಅಲ್ಲಿಂದ ಶುರುವಾಯಿತು ನನ್ನ ಪಾಡು. ದಿನಾ ಸಂಜೆ ಅವರ ಮನೆಗೆ ಹಾಜರಿ. ಒಂದು ದಿನ, ನಮ್ಮದು ಸಮುದ್ರದ ಅಂಚಿಗೆ ತಳ್ಳಿಬಿಟ್ಟಂಥ ಪುಟ್ಟ ದೇಶ, ಹಡಗು ಹತ್ತದೆ ಗತಿಯಿರಲಿಲ್ಲ ಅನ್ನೋರು. ಮಾರನೇ ದಿನ ಹಡಗಿನ ಚಿತ್ರ ಅಂಟಿಸಿದರೆ, "ಮತ್ತೆ ಹಡಗು! ಅರಬ್ಬರು ಬಂದು ಆಳಿದ್ದು, ಪಕ್ಕದ ಸ್ಪೇನು ಅರವತ್ತು ವರ್ಷ ನುಂಗಿಕೊಂಡಿದ್ದು, ಅದೆಲ್ಲ ಎಲ್ಲಿ?" ಅನ್ನೋರು. ಲಿಸ್ಬನ್ ನಗರದಲ್ಲಿ ಒಂದೇ ಬೆಳಗ್ಗೆ ಭೂಮಿ ನಡುಗಿ, ಸಮುದ್ರ ಮೇಲೆದ್ದು, ಬೆಂಕಿಯೂ ಹತ್ತಿ ಊರಿಗೆ ಊರೇ ಹೋದದ್ದನ್ನು ಹೇಳುವಾಗ ಇಂಚರ ಬಾಯಿ ತೆರೆದುಕೊಂಡು ಕೇಳಿದಳು. ನಮ್ಮ ಈ ಊರೂ ನಡುಗುವ ನೆಲದ ಮೇಲೇ ಇರೋದಲ್ಲವೇ. ಆಮೇಲೆ ಬ್ರೆಜಿಲ್, ಆಫ್ರಿಕಾ, ದಶಕಗಳ ಕಾಲ ಬಾಯಿ ಮುಚ್ಚಿಸಿದ ಸರ್ವಾಧಿಕಾರ, ಕೊನೆಗೊಂದು ದಿನ ಸೈನಿಕರೇ ತಿರುಗಿಬಿದ್ದು ಜನ ಅವರ ಬಂದೂಕಿನ ತುದಿಗೆ ಹೂವು ಸಿಗಿಸಿದ್ದು. "ಆವತ್ತು ನೀವು ಎಲ್ಲಿದ್ರಿ?" ಅಂದರೆ, "ಇಲ್ಲೇ, ಹಣ್ಣು ಡಬ್ಬಿಗೆ ತುಂಬ್ತಿದ್ದೆ" ಅಂದರು.

"ಮೂರೇ ನಿಮಿಷ ಇರೋದು" ಅಂತ ನಾನು ಗೋಗರೆದೆ.

"ಹಾಗಾದ್ರೆ ಸಣ್ಣ ದೇಶ ತಗೋಬೇಕಿತ್ತು."

"ನೀವೇ ಮೊನ್ನೆ ಪುಟ್ಟ ದೇಶ ಅಂದ್ರಲ್ಲ!"

"ಅದು ಬೇರೆ."

ಇದು ಸಾಲದು ಅಂತ ಆಗ ನಮ್ಮತ್ತೆ ಬೇರೆ ಇಲ್ಲಿಗೆ ಬಂದಿದ್ದರು. ಸತೀಶನ ಊರು ಕುಂದಾಪುರದ ಹತ್ತಿರ ಬಸ್ರೂರು. ನಾವು ದಿನಾ ಪಕ್ಕದ ಮನೆಯಲ್ಲಿ ಏನು ಮಾಡ್ತೀವಿ ಅಂತ ಕುತೂಹಲ ತಡೆಯಲಾರದೆ ಗುರುವಾರ ಅವರೂ ಬಂದು ಕೂತರು. ಇಂಚರಳಿಗೆ, "ಮೇಜಿನ್ ಮೇಲೆ ಚಾವಿ ಬಿಟ್ಟಿದ್ಯಲ್ಲ, ಎತ್ತಿಡು" ಅಂದರು. ಫಿಲೊಮಿನಾ ಚಕ್ಕನೆ ತಿರುಗಿ, "ಏನಂದ್ರು ಅವರು? ಮೇಜ? ಚಾವಿ?" ಅಂದರು. ಎರಡೂ ಅವರ ಭಾಷೆಯ ಮಾತಂತೆ. ಸಾಬೂನು, ಇಸ್ತ್ರಿ, ಪಾದ್ರಿ ಅಂತ ಒಂದೊಂದಾಗಿ ಹೊರಗೆ ಬಂದವು. ಫಿಲೊಮಿನಾ ಮೊದಲ ಸಲ ನಮ್ಮ ಮುಂದೆ ನಕ್ಕರು.

ನಮ್ಮತ್ತೆ ನಗಲಿಲ್ಲ. "ಇವ್ರು ಯಾವ ದೇಶದವ್ರು ಅಂದೆ? ಪರಂಗಿಯವ್ರಾ?" ಅಂತ ನನ್ನನ್ನು ಕೇಳಿದರು. ಹೌದು ಅಂದೆ. "ನಮ್ಮೂರ್ ಬಂದ್ರಿಂದ ವರ್ಷ ವರ್ಷ ಅಕ್ಕಿ ಕಪ್ಪ ಹೊತ್ಕಂಡ್ ಹೋದ್ದ್ ಇವ್ರೇ ಅಲ್ದಾ? ನಮ್ಮಜ್ಜ ಹೇಳ್ತಿದ್ರ್. ಅಕ್ಕಿ ತಿಂದ್ ಹೋದ್ದಲ್ದೆ ನಮ್ ಬಾಯೊಳ್ಗೂ ಬಂದ್ ಕೂತಿದ್ರಾ? ಕೇಳ್ ಕಾಂಬ!"

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. "ಅತ್ತೆ, ಅದು ನಾನೂರು ವರ್ಷದ ಹಿಂದಿನದು, ಸುಮ್ನಿರಿ" ಅಂದೆ. ಫಿಲೊಮಿನಾಗೆ, "ನಮ್ಮತ್ತೆ ಊರಿಗೂ ನಿಮ್ಮ ದೇಶಕ್ಕೂ ಹಳೇ ವ್ಯಾಪಾರ ಇತ್ತಂತೆ" ಅಂತ ತೇಪೆ ಹಚ್ಚಿದೆ. ಆದರೆ ಕನ್ನಡ ಮಾತಾಡು ಅಂದರೆ ಬಾಯಿ ಬಿಡದ ನನ್ನ ಮಗಳಿಗೆ ಅರ್ಥ ಮಾತ್ರ ಪೂರ್ತಿ ಆಗುತ್ತದೆ. ಇಂಗ್ಲಿಷಿನಲ್ಲಿ ನೆಟ್ಟಗೆ ಹೇಳಿಬಿಟ್ಟಳು: "ನೋ ಅಮ್ಮಾ. ಅಜ್ಜಿ ಹೇಳಿದ್ದು, ಇವರ ದೇಶದವರು ನಮ್ಮ ಅಕ್ಕಿ ಕದ್ದರು ಅಂತ."

ಎದ್ದು ಹೋಗಿ ಅಂತಾರೆ ಅಂತ ನಾನು ಆಗಲೇ ಬೋರ್ಡು ಮಡಚತೊಡಗಿದ್ದೆ.

ಫಿಲೊಮಿನಾ, "ಕದ್ದಿರಬೇಕು. ನನ್ನಣ್ಣನನ್ನೂ ಅವರೇ ಕದ್ದರು" ಅಂದರು.

ಅವರ ಅಣ್ಣ ದನ ಮೇಯಿಸಿಕೊಂಡು, ಹಾಲು ಕರೆದುಕೊಂಡು ಇದ್ದವನು. ದ್ವೀಪ ಬಿಟ್ಟು ಆಚೆ ಹೋದವನಲ್ಲ. ಇಪ್ಪತ್ತೊಂದಕ್ಕೆ ಸೈನ್ಯಕ್ಕೆ ಎಳೆದುಕೊಂಡು ಹೋಗಿ ಗೋವೆಗೆ ಕಳಿಸಿದರು. ಅರವತ್ತೊಂದರ ಡಿಸೆಂಬರಿನಲ್ಲಿ ಭಾರತದ ಸೇನೆ ಗೋವೆಗೆ ಬಂದಾಗ, ಲಿಸ್ಬನ್ನಿನಲ್ಲಿ ಕೂತ ಸರ್ವಾಧಿಕಾರಿ, ಕೊನೆಯವನು ಸಾಯೋವರೆಗೂ ಹೋರಾಡಿ, ಶರಣಾಗಬೇಡಿ ಅಂತ ಆಜ್ಞೆ ಕಳಿಸಿದ್ದನಂತೆ. ಅಲ್ಲಿದ್ದ ಅಧಿಕಾರಿಗಳು ಹುಡುಗರನ್ನು ಸಾಯಿಸೋದು ಬೇಡ ಅಂತ ಶರಣಾದರು. ಅಣ್ಣ ಕೆಲವು ತಿಂಗಳು ಭಾರತದವರ ಸೆರೆಯಲ್ಲಿದ್ದ.

"ಅಲ್ಲಿ ಹೊಡೆದ್ರಾ?" ಅಂತ ಇಂಚರ ಮೆಲ್ಲಗೆ ಕೇಳಿದಳು.

"ಅಲ್ಲಿಯ ಬಗ್ಗೆ ಅವನು ಹೇಳಿದ್ದು ಒಂದೇ, ಸೆಕೆ ಅಂತ. ಅವಮಾನ ಆಗಿದ್ದು ಊರಿಗೆ ವಾಪಸ್ ಬಂದ ಮೇಲೆ. ಹಡಗಿಂದ ಇಳಿಯುವಾಗ ನಮ್ಮದೇ ಪೊಲೀಸರು ಬಂದೂಕು ತೋರಿಸಿ ಇಳಿಸಿದರಂತೆ, ಕಳ್ಳರ ಹಾಗೆ. ಸಾಯದೆ ಬಂದ ತಪ್ಪಿಗೆ. ನಮ್ಮೂರಿನ ಜನ ಹೇಡಿ ಅಂದರು. ಅವನು ಚರ್ಚಿಗೆ ಹೋಗೋದು ಬಿಟ್ಟ. ಹಬ್ಬಕ್ಕೆ ಬರೋದು ಬಿಟ್ಟ. ದನಗಳ ಜೊತೆಗೇ ಇದ್ದು ನಲವತ್ತಕ್ಕೇ ಹೋದ."

ನಾನು ಇಷ್ಟು ವರ್ಷ ಒಳಗೆ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಅದಕ್ಕೇನಾ ನಿಮಗೆ ನಮ್ಮ ಮೇಲೆ ಕೋಪ?"

"ನಿಮ್ಮ ಮೇಲಾ?" ಅವರು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. "ನಿಮ್ಮ ಕಾರುಗಳ ಮೇಲೆ."

ನಾನು ನಮ್ಮತ್ತೆಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಮಾರನೇ ದಿನದ ಭಾಷಣಕ್ಕೆ ಏನು ಬರೆಯಬೇಕು ಅನ್ನುವಾಗ ಮತ್ತೆ ಜಟಾಪಟಿ. ಅಕ್ಕಿಯ ವಿಷಯ ಬರಲೇಬೇಕು ಅಂತ ಅತ್ತೆ. ಅಣ್ಣನ ವಿಷಯ ಬರಲೇಕೂಡದು, ಸಿಹಿತಿಂಡಿ ಫೋಟೋ ವಾಪಸ್ ಅಂಟಿಸಿ ಅಂತ ಫಿಲೊಮಿನಾ. ವಾರವೆಲ್ಲ ಕಿತ್ತು ಕಿತ್ತು ಬೋರ್ಡು ತರಚಿಹೋಗಿತ್ತು. "ನೀವೇನಾದ್ರೂ ಮಾಡ್ಕೊಳ್ಳಿ" ಅಂತ ನಾನು ಕೈಯೆತ್ತಿಬಿಟ್ಟೆ.

ಶುಕ್ರವಾರ ಮಧ್ಯಾಹ್ನ ಅತ್ತೆ, ಫಿಲೊಮಿನಾ ಇಬ್ಬರನ್ನೂ ನನ್ನ ಕಾರಿನಲ್ಲೇ ಕರೆದುಕೊಂಡು ಹೋಗಬೇಕಾಯಿತು. ಎ.ಸಿ. ಜಾಸ್ತಿ ಅಂತ ಒಬ್ಬರು, ಸಾಲದು ಅಂತ ಇನ್ನೊಬ್ಬರು. ಸ್ಕೂಲಿನ ಹಾಲಿನಲ್ಲಿ ಜಪಾನ್ ಆಯಿತು, ಇಟಲಿ ಆಯಿತು. ಇಂಚರ ಬೋರ್ಡು ನಿಲ್ಲಿಸಿ ಇನ್ನೂ ನಮಸ್ಕಾರ ಹೇಳಿರಲಿಲ್ಲ, ಫಿಲೊಮಿನಾ ಎದ್ದು ಹೋದರು. ಬಾವುಟ ತಿರುಗಾಮುರುಗಾ ಆಗಿತ್ತು. ಹಸಿರು ಎಡಗಡೆ ಬರಬೇಕಂತೆ. ಎಲ್ಲರೆದುರಿಗೆ ಅದನ್ನು ಕಿತ್ತು, ಸರಿಯಾಗಿ ಒತ್ತಿ ಅಂಟಿಸಿ, ಬಂದು ಕೂತರು. ಯಾರೋ ನಕ್ಕರು. ನಾನು ಕುರ್ಚಿಯಲ್ಲೇ ಮುದುಡಿ ಕೂತೆ.

ಇಂಚರ ಗಾಬರಿಯಲ್ಲಿ ನಾನು ಬಾಯಿಪಾಠ ಮಾಡಿಸಿದ್ದನ್ನೆಲ್ಲ ಮರೆತಳು. ತನಗೆ ತೋಚಿದ್ದನ್ನು ಹೇಳತೊಡಗಿದಳು. ಪೋರ್ಚುಗಲ್ ಚಿಕ್ಕದು, ಆದರೆ ಚಿಕ್ಕದು ಅಂದರೆ ಅವರಿಗೆ ಸಿಟ್ಟು ಬರುತ್ತದೆ. ಅದರ ಮಾತುಗಳು ನನ್ನ ಅಜ್ಜಿಯ ಮಾತಿನೊಳಗಿವೆ. ನನ್ನ ಅಜ್ಜಿಯ ಊರಿನವರು ಅವರಿಗೆ ಒತ್ತಾಯಕ್ಕೆ ಅಕ್ಕಿ ಕೊಟ್ಟರು. ನಮ್ಮ ಪಕ್ಕದ ಮನೆಯವರ ಅಣ್ಣನನ್ನೂ ಒತ್ತಾಯಕ್ಕೆ ಸೈನಿಕ ಮಾಡಿದರು. ಕೊನೆಗೆ, "ಹಿ ವಾಸ್ ನಾಟ್ ಎ ಕೌವರ್ಡ್. ಹಿ ಜಸ್ಟ್ ಕೇಮ್ ಹೋಮ್" ಅಂದಳು.

ಅವನು ಹೇಡಿಯಲ್ಲ, ಮನೆಗೆ ಬಂದ, ಅಷ್ಟೇ.

ಫಿಲೊಮಿನಾ ಮತ್ತೆ ಎದ್ದು ನಿಂತರು. ಬೇಡ ಅಂದಿದ್ದನ್ನು ಹೇಳಿಬಿಟ್ಟಳಲ್ಲ, ಈಗ ಮಗುವನ್ನು ಎಲ್ಲರ ಮುಂದೆ ಬೈತಾರೆ ಅಂತ ನಾನು ಅವರ ಸ್ವೆಟರಿನ ತೋಳು ಹಿಡಿದು ಎಳೆದೆ. ಅವರು ನನ್ನ ಕೈ ಕೊಡವಿದರು.

"ಆ ಕೊನೇ ಮಾತು ಇನ್ನೊಂದು ಸಲ ಹೇಳು. ಜೋರಾಗಿ" ಅಂದರು.

ಇಂಚರ ಹೇಳಿದಳು. ಫಿಲೊಮಿನಾ ಅದು ಮುಗಿಯೋವರೆಗೂ ನಿಂತೇ ಇದ್ದು ಆಮೇಲೆ ಕೂತರು. ಕಣ್ಣು ಒರೆಸಿಕೊಳ್ಳಲಿಲ್ಲ, ಏನಿಲ್ಲ. ಕೈಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಎದುರು ನೋಡುತ್ತಿದ್ದರು. ಟೀಚರು ಇಂಚರಳ ಬೆನ್ನು ತಟ್ಟಿ, ತುಂಬಾ ಚೆನ್ನಾಗಿತ್ತು, ಊಟ ತಿಂಡಿಯ ಭಾಗ ಸ್ವಲ್ಪ ಕಡಿಮೆಯಾಯಿತು ಅಂದರು. ನನಗೆ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಎ.ಸಿ. ಸುದ್ದಿ ಎತ್ತಲಿಲ್ಲ. ಅರ್ಧ ದಾರಿಯಲ್ಲಿ ನಮ್ಮತ್ತೆ ಹಿಂದಿನ ಸೀಟಿನಿಂದ, "ಆ ಅಣ್ಣನ ಹೆಸ್ರ್ ಎಂತ, ಕೇಳ್" ಅಂದರು.

ವಾರವಿಡೀ ಆ ದೇಶದ ರಾಜರು, ಹಡಗು, ಭೂಕಂಪ ಅಂತ ಪ್ರಶ್ನೆ ಕೇಳಿದ್ದೆವು. ಇದನ್ನು ಯಾರೂ ಕೇಳಿರಲಿಲ್ಲ. ನಾನು ಕೇಳಿದೆ.

"ಜುವಾಕಿಂ" ಅಂದರು ಫಿಲೊಮಿನಾ.

"ಜೋಕಿಮ್ಮ?" ಅತ್ತೆ ಮುಂದಕ್ಕೆ ಬಾಗಿದರು. "ನಮ್ಮೂರಂಗೂ ಇದ್ರ್ ಮಾರಾಯ್ತಿ ಜೋಕಿಮ್ಮ! ನಮ್ಮನಿ ತೆಂಗಿನ್‌ಕಾಯಿ ಕೀಳುಕೆ ಬರ್ತಿದ್ರ್."

ಸತ್ತ ಅಣ್ಣನನ್ನು ಕಾಯಿ ಕೀಳುವವರಿಗೆ ಹೋಲಿಸಬಾರದು ಅಲ್ಲವಾ, ತಪ್ಪು ತಿಳೀತಾರೆ ಅಂತ ನಾನು ಹಿಂದೆ ಮುಂದೆ ನೋಡುತ್ತಿರುವಾಗಲೇ ಇಂಚರ ಅದನ್ನೂ ಇಂಗ್ಲಿಷಿಗೆ ಹೇಳಿಬಿಟ್ಟಳು. ಫಿಲೊಮಿನಾ ಕಿಟಕಿಯ ಕಡೆ ತಿರುಗಿದರು. ಆಮೇಲೆ, ಆ ಮನುಷ್ಯ ಇನ್ನೂ ಇದ್ದಾನಾ, ಮದುವೆಯಾಯಿತಾ, ಮಕ್ಕಳೆಷ್ಟು ಅಂತ ಒಂದೊಂದೇ ಕೇಳತೊಡಗಿದರು. ಅತ್ತೆ ಒಂದೊಂದಕ್ಕೂ ಉದ್ದುದ್ದ ಉತ್ತರ ಕೊಟ್ಟರು. ನಾನು ಕಾರು ಓಡಿಸುತ್ತಾ ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಹೇಳಿ ಹೇಳಿ ಸುಸ್ತಾದೆ.

ಈಗಲೂ ಪಾರ್ಟಿಗಳಲ್ಲಿ ಯಾರಾದರೂ ನಿಮ್ಮ ದೇಶದ ಬಗ್ಗೆ ಎರಡು ಮಾತು ಹೇಳಿ ಅಂದರೆ ನನಗೆ ರೇಗುತ್ತದೆ. ಎಲ್ಲಿಂದ ಶುರು ಮಾಡಲಿ? ಆಗೆಲ್ಲ ಆ ಹಾಲಿನ ನಡುವೆ ಕೈಚೀಲ ಹಿಡಿದು ಒಬ್ಬರೇ ಎದ್ದು ನಿಂತಿದ್ದ ಹೆಂಗಸು ಕಣ್ಣಿಗೆ ಬರುತ್ತಾರೆ. ನಾನು ಎಳೆದಾಗ ಅವರು ಕೂತುಬಿಟ್ಟಿದ್ದರೆ ಆ ಕೊನೇ ಮಾತು ಎರಡನೇ ಸಲ ಯಾರ ಕಿವಿಗೂ ಬೀಳುತ್ತಿರಲಿಲ್ಲ, ಜುವಾಕಿಂ ಅನ್ನೋ ಹೆಸರನ್ನೂ ನಾವು ಕೇಳುತ್ತಿರಲಿಲ್ಲ.