ಸೊಸೆಯೆದುರು ಹೇಳಲಾಗದ ಸುದ್ದಿ

ಉಡುಪಿ ಕಡೆಯಿಂದ ಬಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಹೋಟೆಲು ಇಟ್ಟು, ಮೂವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತವನು ನಾನು. ದೊಡ್ಡ ಕರುಳಿನಲ್ಲಿ ಗಡ್ಡೆ ಇದೆ, ಅಷ್ಟು ಭಾಗ ಕತ್ತರಿಸಿ ಮತ್ತೆ ಜೋಡಿಸಬೇಕು ಎಂದು ಡಾಕ್ಟರು ಹೇಳಿದಾಗ ಅಪ್ಪ ನೆನಪಾದರು. ಅವರಿಗೂ ಇದೇ ಆಪರೇಷನ್ ಆಗಿತ್ತು. ಎದೆಯಿಂದ ಕಿಬ್ಬೊಟ್ಟೆಯವರೆಗೆ ಹೊಲಿಗೆ. ಆಮೇಲೆ ಅವರು ಒಂದು ಕೊಡ ನೀರು ಎತ್ತಿದ್ದನ್ನೂ ನಾನು ಕಾಣಲಿಲ್ಲ. ಕಾವಲಿ ಬಿಟ್ಟು ನಾನು ಬದುಕುವುದು ಹೇಗೆ?

"ಈಗ ಹಾಗಿಲ್ಲ ಅಂಕಲ್," ಎಂದರು ಡಾಕ್ಟರು, ನನ್ನ ಮಗಳ ಪ್ರಾಯದ ಹೆಂಗಸು. ನಾಲ್ಕು ಸಣ್ಣ ತೂತು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಕತ್ತರಿ, ಚಿಮಟ. ಗಡ್ಡೆ ಹೊರತೆಗೆಯಲು ಬೆರಳುದ್ದದ ಒಂದು ಗಾಯ. ನಾನು ನಂಬಲಿಲ್ಲ. ಆದರೆ ಆಪರೇಷನ್ ಆದ ಮರುದಿನವೇ ನನ್ನನ್ನು ವರಾಂಡದಲ್ಲಿ ನಡೆಸಿದರಲ್ಲ!

ಜೋಡಿಸಿದ ಕರುಳು ಕೆಲಸ ಶುರುಮಾಡಿತೆಂದು ತಿಳಿಯುವುದು ಹೂಸು ಬಂದಾಗ. ಅಲ್ಲಿಯವರೆಗೆ ಬರೇ ಗುಟುಕು ನೀರು. ಡಾಕ್ಟರು ದಿನಾ ಬಂದು, ವಾರ್ಡಿಗೆಲ್ಲ ಕೇಳುವಂತೆ, "ಅಂಕಲ್, ಗ್ಯಾಸ್ ಪಾಸ್ ಹುವಾ?" ಎಂದು ಹಿಂದಿಯಲ್ಲಿ, ಹೂಸು ಬಂತೇ ಎಂದು ಕೇಳುತ್ತಿದ್ದರು. ಪಕ್ಕದಲ್ಲೇ ಸೊಸೆ, ಬರೆದುಕೊಳ್ಳಲು ಡೈರಿ ಬಿಚ್ಚಿ ನಿಂತಿರುತ್ತಿದ್ದಳು. ನಾನೋ, ಸೊಸೆಯೆದುರು ಬನಿಯನ್ನಿನಲ್ಲೂ ಕೂರದ ಮಾವ. ಇಲ್ಲವೆಂದು ತಲೆಯಾಡಿಸುತ್ತಿದ್ದೆ.

ಶುದ್ಧ ಸುಳ್ಳು! ಎರಡನೆಯ ದಿನ ಬೆಳಿಗ್ಗೆಯೇ ಬಂದಾಗಿತ್ತು.

ನಾಲ್ಕನೆಯ ದಿನ ಡಾಕ್ಟರ ಮುಖ ಗಂಭೀರವಾಯಿತು. ಸ್ಕ್ಯಾನ್ ಮಾಡೋಣ, ಮೂಗಿನಿಂದ ನಳಿಗೆ ಹಾಕಬೇಕಾದೀತು ಎಂದರು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಸೊಸೆ ಕಣ್ಣು ತುಂಬಿಕೊಂಡು, ತಡವರಿಸುವ ಕನ್ನಡದಲ್ಲಿ, "ಮಾವ, ಜಾಯಿಂಟ್... ಸರಿ ಆಗ್ಲಿಲ್ವಾ? ನಿಮಗೆ ಏನಾದ್ರೂ ಆದ್ರೆ?" ಎಂದಳು. ಅಯ್ಯೋ, ನನ್ನ ಒಣ ಮರ್ಯಾದೆಗಾಗಿ ಈ ಹುಡುಗಿ ಅಳಬೇಕೇ? ನನ್ನ ಮೇಲೆಯೇ ಸಿಟ್ಟು ಬಂತು.

"ಬಂದಿದೆ ಮಗಾ," ಎಂದೆ, ಗೋಡೆ ನೋಡುತ್ತ. "ಮೊನ್ನೆಯಿಂದಲೇ ಬರ್ತಾ ಉಂಟು."

ಮಂಚದ ಆಚೆ ಬದಿಯಲ್ಲಿ ಕೂತಿದ್ದ ನನ್ನ ಹೆಂಡತಿ ಹಣೆ ಚಚ್ಚಿಕೊಂಡಳು. "ಎಂತ ಮಾರಾಯ್ರೆ ನೀವು! ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡಿ ಆಯ್ತು, ಇನ್ನು ಎಂತದು ನಾಚಿಕೆ?"

ಸೊಸೆ ಹಿಂದಿಯಲ್ಲಿ ತಿಳಿಸಿದ್ದೇ ತಡ, ಡಾಕ್ಟರು ಬಿದ್ದು ಬಿದ್ದು ನಕ್ಕರು. ಹೊಟ್ಟೆ ಒತ್ತಿ ನೋಡಿ, ಗಂಜಿ ತಿಳಿ ಕೊಡಿ ಎಂದರು. ಆ ಒಂದು ಲೋಟ ತಿಳಿಯಷ್ಟು ರುಚಿ ನನ್ನ ಹೋಟೆಲಿನಲ್ಲಿ ಯಾವತ್ತೂ ಆಗಿಲ್ಲ.

ಎರಡು ತಿಂಗಳಿಗೆ ಮತ್ತೆ ಕಾವಲಿಯ ಮುಂದೆ ನಿಂತೆ. ಮೊದಲ ದೋಸೆ ಸೊಸೆಗೆ. ತಟ್ಟೆ ತೆಗೆದುಕೊಳ್ಳುತ್ತ ಅವಳು ಡಾಕ್ಟರ ಗತ್ತಿನಲ್ಲೇ ಕೇಳಿದಳು: "ಅಂಕಲ್, ಗ್ಯಾಸ್ ಪಾಸ್ ಹುವಾ?"

ಗಿರಾಕಿಗಳೆಲ್ಲ ತಿರುಗಿ ನೋಡಿದರು.

"ಹುವಾ ಮಗಾ, ಹುವಾ!" ಎಂದು ಹೋಟೆಲಿಗೆಲ್ಲ ಕೇಳುವಂತೆ ಕೂಗಿದೆ.