ಚೆನ್ನರಾಯಪ್ಪನ ನೆಟ್ಟು

ಆ ದಿನವೂ ಚೆನ್ನರಾಯಪ್ಪ ಕಾಫಿ ಕುಡಿದು ಜಗಲಿಯ ಮೇಲೆ ಕೂತ. ಕನ್ನಡಕ ಮೂಗಿನ ತುದಿಯಲ್ಲಿ, ಫೋನು ತೋಳು ಚಾಚಿದಷ್ಟು ದೂರದಲ್ಲಿ. ಮಂಚೇನಹಳ್ಳಿ ಪಕ್ಕದ ಆ ಊರಿನ ಬೀದಿಗೆ ಮೊದಲು ದೊಡ್ಡ ಫೋನು ತಂದವನು ಅವನೇ. ಹೆಂಗಸರ ಕೈಯಲ್ಲಿ ಗುಂಡಿ ಫೋನು, ಅದೂ ಇದ್ದರೆ. ಮಳೆ ಬರುತ್ತದೋ ಇಲ್ಲವೋ ಎಂದು ಎಲ್ಲರೂ ಅವನನ್ನೇ ಕೇಳುತ್ತಿದ್ದರು.

"ಇವತ್ತು ಮಳೆ ಇಲ್ಲ. ನೆಟ್ಟಲ್ಲೇ ಹಾಕವ್ರೆ," ಎಂದ.

ಎದುರು ಮನೆಯ ಅಶ್ವತ್ಥಮ್ಮ ಟಾರು ರಸ್ತೆಯ ಮೇಲೆ ರಾಗಿ ಹರವಿದಳು. ಮಧ್ಯಾಹ್ನ ದಬದಬ ಸುರಿಯಿತು.

"ನಿನ್ನ ನೆಟ್ಟಿಗೆ ಕಣ್ಣು ಕಾಣಲ್ವೇನಣ್ಣ?" ಮೊರದಲ್ಲಿ ರಾಗಿ ಬಳಿಯುತ್ತಾ ಕೂಗಿದಳು.

"ಗಾಳಿಗೆ ಟವರ್ ಆ ಕಡೆ ತಿರುಗ್ಬಿಟ್ಟೈತೆ ಕಣಮ್ಮ!"

ಹೆಂಡತಿ ರಾಮಲಕ್ಷ್ಮಮ್ಮ ಒಳಗಿಂದಲೇ ನಕ್ಕಳು. ರಾತ್ರಿ ಮುದ್ದೆ ತಿಂದು ಮಲಗಿದ. ಬೆಳಿಗ್ಗೆ ಏಳಲಿಲ್ಲ.

ತಿಥಿ ಕಳೆದ ಮೇಲೆ, ಚಿಂತಾಮಣಿಯಲ್ಲಿ ಓದುವ ಮೊಮ್ಮಗಳು ತನುಜ ಆ ಫೋನು ತೆಗೆದು ನೋಡಿದಳು.

"ಅಜ್ಜಿ, ತಾತ ಇದಕ್ಕೆ ನೆಟ್ ಪ್ಯಾಕೇ ಹಾಕ್ಸಿಲ್ಲ. ಯಾವತ್ತೂ."

"ಮತ್ತೆ ದಿನಾ ಏನೇ ನೋಡ್ತಿದ್ರು?"

"ಟೈಮ್ ನೋಡ್ತಿದ್ರು ಅನ್ಸುತ್ತೆ."

ರಾಮಲಕ್ಷ್ಮಮ್ಮನಿಗೆ ನಗು ಬಂತು. ಹಿಂದೆಯೇ ಭಯವೂ ಬಂತು. ಬೀದಿಯೆಲ್ಲ ಅವನ ಮಾತು ನಂಬಿತ್ತು. ಸತ್ತ ಮೇಲೆ ಅವನು ಸುಳ್ಳ ಅನ್ನಿಸಿಕೊಳ್ಳಬಾರದು.

"ಆಚೆ ಬಾಯಿ ಬಿಟ್ಟೀಯ, ಜೋಪಾನ ಕಣೇ," ಎಂದಳು. ತನುಜ ಪ್ಯಾಕು ಹಾಕಿಸಿಕೊಟ್ಟು ಹೋದಳು.

ಅಷ್ಟರಲ್ಲಿ ಬೀದಿಗೆಲ್ಲ ನೆಟ್ಟು ಬಂದಿತ್ತು. ಮೊದಲು ಹುಡುಗರಿಗೆ, ಆಮೇಲೆ ಸೊಸೆಯಂದಿರಿಗೆ. ಕೊನೆಗೆ ಅಶ್ವತ್ಥಮ್ಮನೂ ಸೊಸೆಯ ಹಳೆ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

"ಅಕ್ಕ, ಅಣ್ಣ ನೋಡ್ತಿದ್ದ ಮಳೆ ಎಲ್ಲೈತೆ? ನನ್ನದ್ರಲ್ಲೂ ತೋರ್ಸು."

ರಾಮಲಕ್ಷ್ಮಮ್ಮ ಬೆವತಳು. "ಅದು... ಅವರದ್ದು ಬೇರೆ ನೆಟ್ಟು."

ಅಶ್ವತ್ಥಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೆಟ್ಟೂ ಇಲ್ಲ ಗಿಟ್ಟೂ ಇಲ್ಲ! ರೀಚಾರ್ಜ್ ಅಂಗಡಿ ನನ್ನ ಮಗಂದೇ ಅಲ್ವಾ? ಯಾವಾಗ್ಲೋ ಹೇಳಿದ್ದ."

"ಗೊತ್ತಿದ್ದೂ ರಾಗಿ ಯಾಕೆ ಹರವ್ದೆ?"

"ನಮ್ಮ ಯಜಮಾನ್ರು ಹೋದ್ಮೇಲೆ ಬಯ್ಯಕ್ಕೆ ಒಬ್ರಾದ್ರೂ ಬೇಡ್ವೇನಕ್ಕ? ಈಗ ಅಣ್ಣನೂ ಇಲ್ಲ."



ಈಗ ಬೆಳಗಾದರೆ ರಾಮಲಕ್ಷ್ಮಮ್ಮ ಬಾಗಿಲಿಗೆ ನೀರು ಹಾಕಿ, ಫೋನಿನ ಹತ್ತಿರ ಬಾಯಿಟ್ಟು, "ಇವತ್ತು ಮಳೆ ಬರ್ತದೇನಪ್ಪ?" ಎಂದು ಕೇಳುತ್ತಾಳೆ. ಅದು ಇಂಗ್ಲಿಷಿನಲ್ಲಿ ಏನೋ ಒದರುತ್ತದೆ. ಅವಳಿಗೆ ತಿಳಿಯುವುದಿಲ್ಲ. ಎದುರು ಮನೆಗೆ ಕೇಳುವಂತೆ ಕೂಗುತ್ತಾಳೆ:

"ಮಳೆ ಇಲ್ಲ ಕಣೇ ಅಶ್ವತ್ಥಮ್ಮ, ಹರವು!"